ಬಂಡೆಯೂ ಮಣ್ಣಾಗುವುದು: ಲಾಲ್‌ಬಾಗಿನಿಂದ ಕಿಲ್ಲೆಯವರೆಗೆ ಕಲ್ಲಿನ ಒಂದು ಚರಿತ್ರೆ

ಮದ್ರಸದಲ್ಲಿ ಅಲ್ ಬಕರಃ ಅಧ್ಯಾಯದ ಪಾಠ ನಡೆಯುವಾಗ 74ನೆಯ ವಚನಕ್ಕೆ ಬಂದೊಡನೆ ತುಸು ಹೊತ್ತು ನಿಲ್ಲುವುದು ನಮ್ಮ ರೂಢಿ. ಇಸ್ರಾಈಲ್ ಸಂತತಿಯವರ ಹೃದಯಗಳು ಗಡುಸಾದುದನ್ನು ಅಲ್ಲಾಹನು ಅಲ್ಲಿ ಕಲ್ಲಿಗೆ ಹೋಲಿಸುತ್ತಾನೆ. ಮರುಕ್ಷಣವೇ ಕಲ್ಲಿನ ಪರವಾಗಿಯೂ ಮಾತನಾಡುತ್ತಾನೆ. ಕೆಲವು ಕಲ್ಲುಗಳಿಂದ ತೊರೆಗಳು ಹೊರಹೊಮ್ಮುತ್ತವೆ, ಕೆಲವು ಬಿರಿದು ನೀರು ಒಸರುತ್ತದೆ, ಇನ್ನು ಕೆಲವು ಅಲ್ಲಾಹನ ಭಯದಿಂದ ಉರುಳಿ ಬೀಳುತ್ತವೆ ಎಂಬುದು ಆ ವಚನದ ತಾತ್ಪರ್ಯ. ಒಮ್ಮೆ ಈ ಪಾಠದ ನಡುವೆ ಹನ್ನೊಂದು ವರ್ಷದ ಬಾಲಕನೊಬ್ಬ ಎದ್ದು ನಿಂತು, "ಹಝ್ರತ್, ಯಾರೂ ಸುತ್ತಿಗೆ ಹಾಕದೆ ಕಲ್ಲು ತಾನಾಗಿಯೇ ಒಡೆಯುತ್ತದೆಯೇ?" ಎಂದು ಕೇಳಿದ.

ತಫ್ಸೀರ್ ಗ್ರಂಥಗಳಲ್ಲಿ ಇದಕ್ಕೆ ಉತ್ತರವಿದೆ. ಆದರೆ ಚಾಮರಾಜಪೇಟೆಯ ಹುಡುಗನಿಗೆ ಗ್ರಂಥಕ್ಕಿಂತ ಹತ್ತಿರವಾದ ಉತ್ತರವೊಂದು ಅರ್ಧ ಗಂಟೆಯ ನಡಿಗೆಯಲ್ಲಿತ್ತು. ಮುಂದಿನ ಭಾನುವಾರ ಫಜ್ರ್ ನಮಾಝಿನ ಬಳಿಕ ನಾವು ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿನ ಬಂಡೆಗೆ ಹೋದೆವು. ಈ ಲೇಖನ ಮೊಳೆತದ್ದು ಆ ಬೆಳಗಿನಲ್ಲಿ.

ಲಾಲ್‌ಬಾಗ್ ಎಂದರೆ ನಮ್ಮ ಮನೆಗಳಲ್ಲಿ ಹೈದರ್ ಅಲಿ ಖಾನರ ನೆನಪು. 1760ರಲ್ಲಿ ಅವರು ಇಲ್ಲಿ ತೋಟಕ್ಕೆ ಅಡಿಪಾಯ ಹಾಕಿದರು, ಟಿಪ್ಪು ಸುಲ್ತಾನರು ದೂರದೇಶಗಳಿಂದ ಸಸಿಗಳನ್ನು ತರಿಸಿದರು ಎಂದು ಹಿರಿಯರು ಅಭಿಮಾನದಿಂದ ಹೇಳುತ್ತಾರೆ. ಅದು ಸತ್ಯವೇ. ಆದರೆ ತೋಟದ ನಡುವಿನ ಬಂಡೆಯ ಮುಂದೆ ಹೈದರರ ಕಾಲ ನಿನ್ನೆಯದು; ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ ನಿಂತ ಕಾಲವೂ ನಿನ್ನೆಯದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ ಎಂಬವರು 1916ರಲ್ಲಿ ಈ ಜಾತಿಯ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರು ಕೊಟ್ಟರು. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ತಳಗಲ್ಲು. ಬಸವನಗುಡಿಯ ಕಹಳೆ ಬಂಡೆಯೂ ಗವಿಪುರದ ಗುಹೆಯ ಕಲ್ಲೂ ಇದೇ ಕುಲದವು.

ಬಂಡೆಯ ಹತ್ತಿರ ಕುಳಿತು ನೋಡಿದರೆ ಅದರ ಮೈಯಲ್ಲಿ ಬಿಳಿ ಪಟ್ಟಿ, ಬೂದು ಪಟ್ಟಿ, ಅಲ್ಲಲ್ಲಿ ನಸುಗೆಂಪು, ನಡುನಡುವೆ ಕಡುಗಪ್ಪು ಎಳೆಗಳು ಕಾಣುತ್ತವೆ. ಸೂರಃ ಫಾತಿರ್‌ನ 27ನೆಯ ವಚನದಲ್ಲಿ ಪರ್ವತಗಳ ಬಿಳಿ, ಕೆಂಪು ಮತ್ತು ಕಡುಗಪ್ಪು ಪಟ್ಟಿಗಳ ಪ್ರಸ್ತಾಪವಿರುವುದನ್ನು ನಾವು ಮಕ್ಕಳಿಗೆ ನೆನಪಿಸಿದೆವು. ಆ ವಚನ ಈ ಬಂಡೆಯ ಕುರಿತೇ ಇದೆಯೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅದನ್ನು ಓದಿದವನು ಬಂಡೆಯ ಮುಂದೆ ಸುಮ್ಮನೆ ಹಾದುಹೋಗಲಾರ ಎಂಬಷ್ಟೇ ನಮ್ಮ ಮಾತು. ಬಿಳಿಯದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜಗಳು. ಕಪ್ಪಾಗಿ ಮಿನುಗುವುದು ನಮ್ಮ ಅಜ್ಜಿಯರು ಕಾಗೆಬಂಗಾರ ಎನ್ನುತ್ತಿದ್ದ ಅಭ್ರಕದ ಜಾತಿ. ಈ ಮೂರೂ ಒಂದೇ ಕಲ್ಲಿನಲ್ಲಿ ಬೆಸೆದುಕೊಂಡಿದ್ದರೂ ಮುಂದೆ ಅವುಗಳ ಹಣೆಬರಹ ಬೇರೆ ಬೇರೆ.

ಬಂಡೆ ಒಡೆಯುವ ಮೊದಲ ಕಾರಣ ವಿಚಿತ್ರವಾದುದು. ಈ ಶಿಲೆ ರೂಪುಗೊಂಡದ್ದು ನೆಲದ ಮೇಲಲ್ಲ. ಅನೇಕ ಕಿಲೋಮೀಟರುಗಳ ಆಳದಲ್ಲಿ, ಅಪಾರ ಬಿಸಿ ಮತ್ತು ಭಾರದ ಅಡಿಯಲ್ಲಿ. ಮೇಲಿದ್ದ ಕಲ್ಲೆಲ್ಲ ಕೋಟ್ಯಂತರ ವರ್ಷಗಳಲ್ಲಿ ಸವೆದು ಕೊಚ್ಚಿಹೋದ ನಂತರವೇ ಇದು ಬೆಳಕು ಕಂಡಿತು. ಬೆನ್ನ ಮೇಲಿನ ಹೊರೆ ಇಳಿದ ಹಮಾಲಿ ಮೈ ಸಡಿಲಿಸಿ ನಿಲ್ಲುವಂತೆ ಹೊರೆ ಇಳಿದ ಬಂಡೆಯೂ ತುಸು ಹಿಗ್ಗುತ್ತದೆ. ಹಿಗ್ಗಿದಾಗ ಅದರ ಮೇಲ್ಮೈಗೆ ಸಮಾನಾಂತರವಾಗಿ ಬಿರುಕುಗಳು ಮೂಡಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತವೆ. ಲಾಲ್‌ಬಾಗಿನ ಬಂಡೆ ಗುಮ್ಮಟದಂತೆ ದುಂಡಗಿರುವುದಕ್ಕೆ ಇದೊಂದು ಕಾರಣ. ಹೊರೆ ಇದ್ದಾಗ ಗಟ್ಟಿ, ಇಳಿದಾಗ ಬಿರುಕು!

ಎರಡನೆಯದು ಬಿಸಿಲು. ಚೈತ್ರ ವೈಶಾಖಗಳಲ್ಲಿ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾಯುವ ಬಂಡೆ ರಾತ್ರಿ ತಣ್ಣಗಾಗುತ್ತದೆ. ಅದರೊಳಗಿನ ಒಂದೊಂದು ಖನಿಜವೂ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಮೂರನೆಯದು ಮತ್ತು ಎಲ್ಲಕ್ಕಿಂತ ಬಲವಾದುದು ನೀರು. ಮಳೆಹನಿ ಆಕಾಶದಿಂದ ಇಳಿಯುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಸೌಮ್ಯ. ಆದರೆ ಫೆಲ್ಡ್‌ಸ್ಪಾರಿಗೆ ಅದು ಗೊತ್ತಾಗುತ್ತದೆ. ಬೆಂಗಳೂರಿನ ಮಳೆಗಾಲಗಳು ಒಂದರ ಮೇಲೊಂದು ಬಿದ್ದಂತೆ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಮಣ್ಣಾಗಿ ಬದಲಾಗುತ್ತದೆ. ಕಪ್ಪು ಅಭ್ರಕದೊಳಗಿನ ಕಬ್ಬಿಣ ಗಾಳಿ ನೀರು ತಾಗಿ ತುಕ್ಕು ಹಿಡಿಯುತ್ತದೆ. ಬೆಂಗಳೂರಿನ ಕೆಮ್ಮಣ್ಣಿನ ಕೆಂಪು ಈ ತುಕ್ಕಿನದೇ. ಬೆಣಚುಕಲ್ಲು ಮಾತ್ರ ಯಾವುದಕ್ಕೂ ಜಗ್ಗದೆ ಕಣವಾಗಿ ಉಳಿದು ಮರಳಾಗುತ್ತದೆ. ಬಾವಿ ತೋಡಿಸಿದ ಹಳೆಯ ಮನೆತನದವರಿಗೆ ಈ ಕಥೆ ಗೊತ್ತಿತ್ತು: ಮೇಲೆ ಕೆಮ್ಮಣ್ಣು, ಅದರಡಿ ಗುದ್ದಲಿಗೆ ಪುಡಿಯಾಗುವ ಗರಸು, ಇನ್ನೂ ಕೆಳಗೆ ಗುದ್ದಲಿಯ ಬಾಯಿ ಮುರಿಯುವ ಬಂಡೆ. ಕೆಳಗಿನಿಂದ ಮೇಲಕ್ಕೆ ಓದಿದರೆ ಅದು ಕಲ್ಲು ಮಣ್ಣಾದ ಚರಿತ್ರೆ.

ಬಂಡೆಯ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ತೇಪೆಗಳನ್ನು ಕಂಡು ಮಕ್ಕಳು ಯಾರೋ ಬಣ್ಣ ಚೆಲ್ಲಿದ್ದಾರೆಂದು ಭಾವಿಸಿದರು. ನಮ್ಮ ಮನೆಗಳಲ್ಲಿ ಬಿರಿಯಾನಿಯ ಮಸಾಲೆಗೆ ಹಾಕುವ ಕಲ್ಲುಹೂವು ಇದರ ಬಂಧುವೆಂದಾಗ ಅವರಿಗೆ ನಗು. ಈ ಕಲ್ಲುಹೂವಿನ ಜಾತಿಯ ಜೀವಿಗಳು ಆಮ್ಲವನ್ನು ಸ್ರವಿಸಿ ಬಂಡೆಯನ್ನು ಅಷ್ಟಷ್ಟೇ ಕೊರೆಯುತ್ತವೆ. ಕೊರೆದ ಪುಡಿಯಲ್ಲಿ ಪಾಚಿ, ಪಾಚಿಯ ಮೇಲೆ ಹುಲ್ಲು, ಹುಲ್ಲಿನ ಬಳಿಕ ಆಲ ಅರಳಿಗಳ ಬೀಜ. ಕಹಳೆ ಬಂಡೆಯ ಉದ್ಯಾನದಲ್ಲಿ ಮರದ ಬೇರುಗಳು ಕಲ್ಲಿನ ಸಂದುಗಳನ್ನು ಅಪ್ಪಿ ಬೆಣೆಯಂತೆ ಬಿಡಿಸುತ್ತಿರುವುದನ್ನು ಯಾರೂ ನೋಡಬಹುದು.

ಲಾಲ್‌ಬಾಗಿನ ಬಂಡೆಯ ಮೇಲೆ ಮಳೆನೀರು ನಿಲ್ಲುವ ಸಣ್ಣ ದೊಣೆಗಳಿವೆ. ಅವುಗಳ ತಳದಲ್ಲಿ ಒಂದೆರಡು ಅಂಗುಲ ಮಣ್ಣು ಕೂಡಿ ಹುಲ್ಲು ಬೆಳೆದಿರುತ್ತದೆ. ದೂರದಿಂದ ನೋಡಿದರೆ ಅಲ್ಲಿ ನೆಲವಿದೆ ಎನ್ನಿಸುತ್ತದೆ. ಜೋರು ಮಳೆಯೊಂದು ಬಂದುಹೋದ ಮೇಲೆ ನೋಡಿದರೆ ಇಳಿಜಾರಿನ ಮಣ್ಣೆಲ್ಲ ತೊಳೆದು ಬಂಡೆ ಬೋಳಾಗಿರುತ್ತದೆ. ಅಲ್ ಬಕರಃ ಅಧ್ಯಾಯದ 264ನೆಯ ವಚನದಲ್ಲಿ, ಜನರಿಗೆ ತೋರಿಸಲೆಂದು ದಾನ ಮಾಡಿ ಆಮೇಲೆ ಹಂಗಿಸುವವನಿಗೆ ಅಲ್ಲಾಹನು ಕೊಟ್ಟ ದೃಷ್ಟಾಂತ ಇದೇ ತೆರನಾದುದು: ನುಣುಪಾದ ಬಂಡೆ, ಅದರ ಮೇಲೆ ತೆಳುವಾದ ಮಣ್ಣು, ಒಂದು ಬಿರುಮಳೆ. ನಾವು ಈ ವಚನವನ್ನು ಇಪ್ಪತ್ತು ವರ್ಷಗಳಿಂದ ಕಲಿಸುತ್ತಿದ್ದೇವೆ. 'ಸಫ್ವಾನ್' ಎಂಬ ಪದಕ್ಕೆ ನುಣುಪು ಬಂಡೆ ಎಂದು ಅರ್ಥ ಬರೆಸುತ್ತಿದ್ದೆವು, ಅಷ್ಟೆ. ಬಂಡೆಯ ಮೇಲೆ ನಿಂತು ಅದನ್ನು ಓದಿದ್ದು ಅಂದೇ ಮೊದಲು.

ತೊಳೆದುಹೋದ ಆ ಮಣ್ಣು ಎಲ್ಲಿಗೆ ಹೋಗುತ್ತದೆ? ಬಸವನಗುಡಿಯ ಎತ್ತರದಲ್ಲಿ ಹುಟ್ಟುವುದೆಂದು ಹೇಳಲಾಗುವ ವೃಷಭಾವತಿ ಇಂದು ದುರ್ದೈವದಿಂದ ಕೊಳಚೆಯ ಕಾಲುವೆ. ಆದರೂ ಅದು ನದಿಯ ಕೆಲಸವನ್ನು ಬಿಟ್ಟಿಲ್ಲ. ಮೈಸೂರು ರಸ್ತೆಯ ಬದಿಯಲ್ಲಿ ಹರಿದು, ಬೈರಮಂಗಲದ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ; ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ; ಮುಂದೆ ಮೇಕೆದಾಟಿನಲ್ಲಿ ಕಾವೇರಿ ಇದೇ ಜಾತಿಯ ಕಲ್ಲನ್ನು ಕೊರೆದು ಇಕ್ಕಟ್ಟಾದ ಕಂದರದಲ್ಲಿ ನುಗ್ಗುತ್ತದೆ. ಬಸವನಗುಡಿಯ ಒಂದು ಬೆಣಚು ಕಣ ಬಂಗಾಳ ಕೊಲ್ಲಿಯ ತೀರದಲ್ಲಿ ಮರಳಾಗಿ ಬೀಳುವುದು ಕವಿಕಲ್ಪನೆಯಲ್ಲ.

ಈ ಪಯಣವನ್ನು ನಮ್ಮ ಹಿರಿಯರು ಗಮನಿಸಿದ್ದರು. ಅಬೂ ರೈಹಾನ್ ಅಲ್ ಬೀರೂನಿ ಸುಮಾರು 1030ರಲ್ಲಿ ಭಾರತದ ಕುರಿತು ಬರೆದ ತಮ್ಮ ಮಹಾಗ್ರಂಥದಲ್ಲಿ ಉತ್ತರದ ಬಯಲಿನ ಮಣ್ಣನ್ನು ಪರಿಶೀಲಿಸಿದ್ದಾರೆ. ನೆಲ ಎಷ್ಟು ಆಳ ಅಗೆದರೂ ದುಂಡುಗಲ್ಲುಗಳು ಸಿಗುತ್ತವೆ. ಪರ್ವತಗಳ ಬಳಿ, ನದಿ ರಭಸವಾಗಿರುವಲ್ಲಿ ಅವು ದೊಡ್ಡವು. ದೂರ ಹೋದಂತೆ ಚಿಕ್ಕವು. ನದಿ ನಿಧಾನವಾಗಿ ಕಡಲಿಗೆ ಹತ್ತಿರವಾಗುವಲ್ಲಿ ಮರಳು. ಇದರಿಂದ ಅವರು ಈ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳು ತಂದ ಮಣ್ಣಿನಿಂದ ತುಂಬಿತೆಂದು ತೀರ್ಮಾನಿಸಿದರು. ಅವರಿಗೂ ಮೊದಲು, ಹತ್ತನೆಯ ಶತಮಾನದ ಬಸ್ರಾದಲ್ಲಿ, ಇಖ್ವಾನುಸ್ಸಫಾ ಎಂಬ ವಿದ್ವಾಂಸರ ಕೂಟ ತನ್ನ ಪತ್ರಗಳಲ್ಲಿ ಪರ್ವತಗಳು ಬಿಸಿಲಿಗೆ ಒಣಗಿ ಬಿರಿದು ಕಲ್ಲು ಮರಳಾಗುವುದನ್ನೂ, ಹೊಳೆಗಳು ಅದನ್ನು ಕಡಲಿಗೆ ಒಯ್ದು ಪದರ ಪದರವಾಗಿ ಹಾಸುವುದನ್ನೂ ವಿವರಿಸಿತು. ಅವರ ಕೆಲವು ತತ್ತ್ವವಿಚಾರಗಳನ್ನು ನಮ್ಮ ಉಲಮಾಗಳು ಒಪ್ಪಲಿಲ್ಲ. ಅದು ಬೇರೆ ಮಾತು. ಕಲ್ಲಿನ ವಿಷಯದಲ್ಲಿ ಅವರ ಕಣ್ಣು ಚೆನ್ನಾಗಿತ್ತು. ಹಿಜರಿ 428ರಲ್ಲಿ ಅಂದರೆ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಶ್ಶಿಫಾ' ಗ್ರಂಥದಲ್ಲಿ, ಭೂಕಂಪದಂತಹ ಉಬ್ಬರದಿಂದ ಕೆಲವು ಬೆಟ್ಟಗಳೂ, ನೀರು ಮೆದು ಭಾಗವನ್ನು ಕೊರೆದು ಗಟ್ಟಿ ಭಾಗ ಉಳಿಯುವುದರಿಂದ ಕೆಲವು ಬೆಟ್ಟಗಳೂ ಆಗುತ್ತವೆಂದೂ, ಇದಕ್ಕೆ ಅತಿ ದೀರ್ಘ ಕಾಲ ಬೇಕೆಂದೂ ಬರೆದರು. ಈ ಭಾಗ 1200ರ ಸುಮಾರಿಗೆ ಲ್ಯಾಟಿನ್ ಭಾಷೆಗೆ ಅನುವಾದಗೊಂಡು ಯೂರೋಪಿನಲ್ಲಿ ಬಹುಕಾಲ ಅರಿಸ್ಟಾಟಲನ ಕೃತಿಯೆಂದೇ ಓದಲ್ಪಟ್ಟಿತು. ಲೇಖಕನ ಹೆಸರು ಅಳಿಸಿಹೋಗಲು ಮಳೆ ಬಿಸಿಲೇ ಬೇಕೆಂದಿಲ್ಲ.

ಹಾಗೆಂದು ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರೆಂದು ಎದೆ ತಟ್ಟಿಕೊಳ್ಳುವ ಬರಹಗಳ ಕುರಿತು ನಮಗೆ ಸಂಕೋಚವಿದೆ. ಗ್ರೀಕರು ಕೆಲವನ್ನು ಹೇಳಿದ್ದರು, ನಮ್ಮವರು ಅದನ್ನು ಬೆಳೆಸಿದರು, ಸ್ಕಾಟ್‌ಲೆಂಡಿನ ಜೇಮ್ಸ್ ಹಟನ್ 1788ರಲ್ಲಿ ಅದಕ್ಕೆ ಶಾಸ್ತ್ರದ ರೂಪ ಕೊಟ್ಟರು. ಅಂತೆಯೇ ಕುರ್‌ಆನಿನ ಪ್ರತಿ ವಚನದಲ್ಲಿ ಭೂವಿಜ್ಞಾನದ ಸೂತ್ರ ಹುಡುಕುವುದೂ ನಮಗೆ ಸರಿಕಾಣುವುದಿಲ್ಲ. ಅದು ಮಾರ್ಗದರ್ಶನದ ಗ್ರಂಥ. ಕಲ್ಲನ್ನು ನೋಡು ಎನ್ನುತ್ತದೆ, ನೋಡುವ ಕೆಲಸವನ್ನು ನಮಗೇ ಬಿಟ್ಟಿದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಲಾಲ್‌ಬಾಗಿನಿಂದ ಮರಳಿದ ಎರಡು ದಿನಗಳಲ್ಲಿ ಒಬ್ಬ ತಂದೆ ನಮ್ಮಲ್ಲಿಗೆ ಬಂದರು. ಕೋಪವಿರಲಿಲ್ಲ, ಕಳವಳವಿತ್ತು. "ಮೌಲಾನಾ, 300 ಕೋಟಿ ವರ್ಷ ಎಂದು ಮಗ ಹೇಳುತ್ತಿದ್ದಾನೆ. ಆರು ದಿನಗಳಲ್ಲಿ ಸೃಷ್ಟಿಯಾಯಿತೆಂದು ನಾವು ನಂಬಿಲ್ಲವೇ?" ಎಂದರು. ಅವರನ್ನು ಕೂರಿಸಿ ಚಹಾ ಕೊಟ್ಟು ನಾವು ಎರಡು ಕಡೆ ತೆರೆದು ತೋರಿಸಿದೆವು. ಸೂರಃ ಅಲ್ ಹಜ್ಜ್‌ನ 47ನೆಯ ವಚನದಲ್ಲಿ ಪ್ರಭುವಿನ ಬಳಿಯ ಒಂದು ದಿನ ಮನುಷ್ಯರ ಎಣಿಕೆಯ ಸಾವಿರ ವರ್ಷಗಳಂತೆಂದಿದೆ; ಸೂರಃ ಅಲ್ ಮಆರಿಜ್‌ನ 4ನೆಯ ವಚನದಲ್ಲಿ ಐವತ್ತು ಸಾವಿರ ವರ್ಷಗಳ ಪ್ರಮಾಣದ ದಿನವೊಂದರ ಮಾತಿದೆ. ಸೂರ್ಯನೇ ಇಲ್ಲದಿದ್ದಾಗಿನ 'ದಿನ'ವನ್ನು ನಮ್ಮ ಗೋಡೆಯ ಕ್ಯಾಲೆಂಡರಿನಿಂದ ಅಳೆಯಬೇಕೆಂದು ಯಾರೂ ನಮಗೆ ಆಜ್ಞಾಪಿಸಿಲ್ಲ. ಭೂಮಿಗೆ ಇಂತಿಷ್ಟೇ ವಯಸ್ಸೆಂದು ಕುರ್‌ಆನ್ ಎಲ್ಲಿಯೂ ಸಂಖ್ಯೆ ಹೇಳಿಲ್ಲ. ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಗನಿಗೆ ಬೈದದ್ದು ತಪ್ಪಾಯಿತು" ಎಂದರು. ಮುಂದಿನ ಸಲ ತಾವೂ ಬರುವುದಾಗಿ ಹೇಳಿ ಹೋದರು, ಬಂದರೂ ಕೂಡ.

ಪ್ರಕೃತಿ ಕೋಟಿ ವರ್ಷಗಳಲ್ಲಿ ಮಾಡುವುದನ್ನು ಬೆಂಗಳೂರಿನ ಕಲ್ಲುಕುಟಿಗರು ಒಂದು ದಿನದಲ್ಲಿ ಮಾಡುತ್ತಿದ್ದರು. ಹಾಸುಬಂಡೆಯ ಮೇಲೆ ಕಟ್ಟಿಗೆಯ ಬೆಂಕಿಯನ್ನು ಸಾಲಾಗಿ ಹಚ್ಚಿ, ಸ್ವಲ್ಪಸ್ವಲ್ಪವೇ ಮುಂದಕ್ಕೆ ಸರಿಸುತ್ತ ಹೋದರೆ ಕಾದ ಮೇಲ್ಪದರ ಹಿಗ್ಗಿ ತಣ್ಣನೆಯ ಅಡಿಗಲ್ಲಿನಿಂದ ಕಳಚಿಕೊಳ್ಳುತ್ತದೆ. ಪದರ ಬಿಟ್ಟಿತೋ ಇಲ್ಲವೋ ಎಂಬುದನ್ನು ಸುತ್ತಿಗೆಯಿಂದ ಬಡಿದು ಸದ್ದಿನಿಂದಲೇ ಅರಿಯುತ್ತಿದ್ದರು. ಹೀಗೆ ಬಿಡಿಸಿದ ಪದರವನ್ನು ಚಪ್ಪಡಿಗಳಾಗಿ ಸೀಳುತ್ತಿದ್ದರು. ಹಳೆಯ ಬೆಂಗಳೂರಿನ ಮನೆಗಳ ಛಾವಣಿ, ತೋಟದ ಬೇಲಿ, ಚರಂಡಿಯ ಮುಚ್ಚಳ ಎಲ್ಲವೂ ಆ ಕಲ್ಲುಚಪ್ಪಡಿಗಳೇ. 19ನೆಯ ಶತಮಾನದ ಕೊನೆಯಲ್ಲಿ ಈ ಪದ್ಧತಿಯನ್ನು ಕಂಡ ಯೂರೋಪಿಯನ್ನರು ಬೆರಗಾಗಿ ಬರೆದಿಟ್ಟಿದ್ದಾರೆ. ಕಲ್ಲಿನ ಕೆಲಸದ ಈ ಜನರನ್ನು, ಇಂದಿನ ಭೋವಿ ಸಮುದಾಯದ ಹಿರಿಯರನ್ನು, ನಗರದ ಚರಿತ್ರೆ ಬರೆದವರು ಸಾಕಷ್ಟು ನೆನೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಕೋಟೆ ಮಣ್ಣಿನದು. ಅಂದರೆ ಇದೇ ಬಂಡೆ ಕರಗಿ ಆದ ಕೆಮ್ಮಣ್ಣಿನದು. 1761ರಲ್ಲಿ ಹೈದರ್ ಅಲಿ ಖಾನರು ಕಿಲ್ಲೆಯನ್ನು ಕಲ್ಲಿನಲ್ಲಿ ಕಟ್ಟಿಸಿದರು. ದೆಹಲಿ ಬಾಗಿಲಿನ ಬಳಿ ನಿಂತು ಅಳಿದುಳಿದ ಗೋಡೆಯನ್ನು ನೋಡಿದರೆ ಒಂದೊಂದು ಕಲ್ಲೂ ಆನೆಯ ಬಲ ಬೇಡುವಂಥದು. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಫಿರಂಗಿಗಳಿಂದ ಈ ಗೋಡೆಯಲ್ಲಿ ಬಿರುಕು ಮಾಡಿ ಒಳನುಗ್ಗಿತು. ವೃದ್ಧ ಕಿಲ್ಲೇದಾರ್ ಬಹಾದ್ದೂರ್ ಖಾನರು ಆ ಬಿರುಕಿನಲ್ಲಿಯೇ ಹೋರಾಡುತ್ತ ಶಹೀದರಾದರು. ಗೋಡೆಯಲ್ಲಿ ಅದನ್ನು ಸೂಚಿಸುವ ಫಲಕವೊಂದಿದೆ. ಅದರಲ್ಲಿ ದಾಳಿ ಮಾಡಿದವರ ಮಾತಿದೆ, ಕಾದು ಸತ್ತವರ ಹೆಸರಿಲ್ಲ. ಬಂಡೆಗೆ ಬಿರುಕು ಬೀಳಲು ಯುಗಗಳು ಬೇಕೆಂದು ಮಕ್ಕಳಿಗೆ ಹೇಳಿದ್ದ ನಾವು ಅಲ್ಲಿ ಬೇರೊಂದು ಲೆಕ್ಕ ಹೇಳಬೇಕಾಯಿತು: ಪೇಟೆ ಬಿದ್ದದ್ದು ಮಾರ್ಚ್ 7ಕ್ಕೆ, ಕಿಲ್ಲೆ ಬಿದ್ದದ್ದು ಎರಡು ವಾರಗಳಲ್ಲಿ. ಉಳಿದ ಗೋಡೆಗಳನ್ನು ಆಮೇಲಿನ ಕಾಲದಲ್ಲಿ ರಸ್ತೆ, ಆಸ್ಪತ್ರೆ, ಶಾಲೆಗಳಿಗಾಗಿ ಕೆಡವಲಾಯಿತು.

ಅದೇ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಅದು ಮರದ ಅರಮನೆ, ಆದರೂ ಮರದ ಕಂಬಗಳು ನೇರವಾಗಿ ನೆಲವನ್ನು ಮುಟ್ಟುವುದಿಲ್ಲ. ಕಲ್ಲಿನ ಪೀಠಗಳ ಮೇಲೆ ನಿಂತಿವೆ. ನೆಲದ ತೇವ ಮರಕ್ಕೆ ಏರದಿರಲೆಂದು ಕಟ್ಟಿದವರು ಕಲ್ಲನ್ನು ನಡುವೆ ಇಟ್ಟರು. ತಾರಾಮಂಡಲ ಪೇಟೆಯ ಸಂಗೀನ್ ಜಾಮಿಯಾ ಮಸೀದಿಯನ್ನು ನಗರದ ಅತ್ಯಂತ ಹಳೆಯ ಮಸೀದಿಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಪಾರ್ಸಿ ಭಾಷೆಯಲ್ಲಿ 'ಸಂಗೀನ್' ಎಂದರೆ ಕಲ್ಲಿನದು ಎಂದೇ ಅರ್ಥ. ಮಾರುಕಟ್ಟೆಯ ಬಳಿಯ ಜಾಮಿಯಾ ಮಸೀದಿಯ ಬಿಳಿ ಅಮೃತಶಿಲೆ ಕಣ್ಣಿಗೆ ಹೆಚ್ಚು ಚೆಲುವು. ಆದರೆ ಅಮೃತಶಿಲೆ ಸುಣ್ಣದ ಜಾತಿ. ಮಳೆಯ ಸೌಮ್ಯ ಆಮ್ಲಕ್ಕೆ ಅದು ನಮ್ಮ ಕರಿಗಲ್ಲಿಗಿಂತ ಬಹುಬೇಗ ಕರಗುತ್ತದೆ.

ಸವೆತದ ವಿಷಯ ಕೇವಲ ಕುತೂಹಲದ್ದಾಗಿ ಉಳಿಯದಿರುವುದು ಕಲ್ಲಿನ ಮೇಲೆ ಅಕ್ಷರವಿದ್ದಾಗ. ನಮ್ಮ ನಗರದ ಹೆಸರು ಎಷ್ಟು ಹಳೆಯದೆಂದು ನಮಗೆ ತಿಳಿದಿರುವುದು ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಿಂದ. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ನೆಟ್ಟ ಕಲ್ಲು ಅದು. ಮಲ್ಲೇಶ್ವರದ ಹೆಸರಿನ ಮೂಲ ತಿಳಿಯುವುದೂ ಶಾಸನದಿಂದಲೇ: 1669ರಲ್ಲಿ, ಬೆಂಗಳೂರು ಬಿಜಾಪುರದ ಆದಿಲ್‌ಶಾಹಿಗೆ ಸೇರಿದ ಜಹಗೀರಾಗಿದ್ದಾಗ, ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಪುರದ ದೇವಸ್ಥಾನಕ್ಕೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದು ಅದರಲ್ಲಿದೆ. ಅದೇ ದೇವಸ್ಥಾನದ ಎದುರು ಕಲ್ಲಿನ ಕಲ್ಯಾಣಿಯೊಂದು ಮಣ್ಣಿನಡಿ ಪೂರ್ತಿ ಮುಚ್ಚಿಹೋಗಿ 1997ರಲ್ಲಿ ಅಗೆದಾಗ ಹೊರಬಂತು. ಮಣ್ಣು ಕಲ್ಲನ್ನು ತಿನ್ನುವುದೂ ಉಂಟು, ಕಾಪಾಡುವುದೂ ಉಂಟು. ಬಸವನಗುಡಿಯ ದೊಡ್ಡ ನಂದಿಯ ಬೂದುಗಲ್ಲು ತಲೆಮಾರುಗಳ ಎಣ್ಣೆಯಿಂದ ಕಪ್ಪಾಗಿದೆ. ಎಣ್ಣೆಯ ಪದರ ನೀರನ್ನು ತಡೆಯುತ್ತದೆಂಬುದು ನೆರೆಯವರ ಪದ್ಧತಿಯಿಂದ ನಾವು ಕಲಿಯಬಹುದಾದ ಒಂದು ಸಂಗತಿ. ಈ ನಗರದ ಶಾಸನಗಳನ್ನು ಮಿಥಿಕ್ ಸೊಸೈಟಿಯವರು 2021ರಿಂದ ಮೂರು ಆಯಾಮಗಳ ಸ್ಕ್ಯಾನಿಂಗ್ ಮಾಡಿ ದಾಖಲಿಸುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಅಕ್ಷರಗಳೂ ಹಾಗೆ ಓದಲು ಸಿಗುತ್ತವೆ.

ನಮ್ಮ ಕಬರಸ್ತಾನಗಳ ಕಲ್ಲುಗಳು? ಇಲ್ಲಿ ನಮ್ಮೊಳಗಿನ ಮದ್ರಸದ ಉಸ್ತಾದನಿಗೂ ಚರಿತ್ರೆಯ ವಿದ್ಯಾರ್ಥಿಗೂ ಒಂದು ಜಗಳವಿದೆ, ಅದನ್ನು ಮುಚ್ಚಿಡುವುದಿಲ್ಲ. ಹಝ್ರತ್ ಜಾಬಿರ್(ರ) ವರದಿಯಂತೆ ಗೋರಿಗೆ ಗಾರೆ ಬಳಿಯುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ಪ್ರವಾದಿ(ಸ)ರು ವಿರೋಧಿಸಿದ್ದಾರೆ. ತಿರ್ಮಿದಿಯ ವರದಿಯಲ್ಲಿ ಬರೆಯುವುದೂ ಸೇರಿದೆ. ಪೂರ್ವದಿಂದ ಪಶ್ಚಿಮದವರೆಗೆ ಮುಸ್ಲಿಮರ ಗೋರಿಗಳ ಮೇಲೆ ಬರಹವಿರುವುದನ್ನು ಇಮಾಮ್ ಹಾಕಿಮ್ ಗುರುತಿಸಿದ್ದಾರೆ, ಗುರುತಿಗಾಗಿ ಹೆಸರು ಬರೆಯಲು ಕೆಲವು ವಿದ್ವಾಂಸರು ಅನುಮತಿಸಿದ್ದಾರೆ. ಅಬೂ ದಾವೂದ್ ಸಂಗ್ರಹದಲ್ಲಿ ಇನ್ನೊಂದು ಘಟನೆಯಿದೆ. ಹಝ್ರತ್ ಉಸ್ಮಾನ್ ಬಿನ್ ಮಝ್‌ಊನ್(ರ)ರ ದಫನದ ಬಳಿಕ ಪ್ರವಾದಿ(ಸ)ರು ಒಂದು ಕಲ್ಲು ತರಲು ಒಬ್ಬರಿಗೆ ಹೇಳಿದರು. ಅವರಿಗೆ ಎತ್ತಲಾಗಲಿಲ್ಲ. ಪ್ರವಾದಿ(ಸ)ರೇ ತೋಳು ಮಡಚಿ ಕಲ್ಲನ್ನು ಹೊತ್ತು ತಂದು ತಲೆಯ ಬಳಿ ಇಟ್ಟರು, ಸೋದರನ ಗೋರಿಯ ಗುರುತಿರಲೆಂದು. ಅಕ್ಷರವಿಲ್ಲದ ಕಲ್ಲು, ಆದರೆ ಮರೆಯಬಾರದೆಂಬ ಉದ್ದೇಶದ ಕಲ್ಲು.

ಆಡಂಬರದ ಹೊಸ ಗೋರಿಗಳು ಬೇಡವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹಿಂದಿನವರು ಕೆತ್ತಿಸಿಟ್ಟ ಕಲ್ಲನ್ನು ಇಂದು ನಾವು ಹಾಳುಮಾಡುವುದು ಧರ್ಮಪಾಲನೆಯಲ್ಲ. ಒಂದು ಹಳೆಯ ಕಬರಸ್ತಾನದಲ್ಲಿ ಪಾರ್ಸಿ ಅಕ್ಷರಗಳ ಕಲ್ಲೊಂದನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ್ದೆವು. ಹೆಸರು, ಹಿಜರಿ ವರ್ಷ ಎರಡೂ ಸ್ಪಷ್ಟವಾಗಿದ್ದವು. ಕೆಲವು ವರ್ಷಗಳ ಹಿಂದೆ ಹೋದಾಗ ಅದರ ಮೇಲೆ ದಪ್ಪ ಹಸಿರು ಆಯಿಲ್ ಪೇಂಟ್ ಬಳಿದಿತ್ತು, ಬುಡಕ್ಕೆ ಸಿಮೆಂಟು ಮೆತ್ತಿತ್ತು. ಮಾಡಿದವರು ಭಕ್ತಿಯಿಂದಲೇ ಮಾಡಿದ್ದರು. ಕಲ್ಲು ಉಸಿರಾಡುವಂತಹ ವಸ್ತು: ತೇವ ಅದರ ಸೂಕ್ಷ್ಮ ರಂಧ್ರಗಳಲ್ಲಿ ಏರುತ್ತದೆ, ಮೇಲ್ಮೈಯಿಂದ ಆರುತ್ತದೆ. ಹಳೆಯ ಸುಣ್ಣದ ಗಾರೆ ಆ ತೇವವನ್ನು ಹೊರಬಿಡುತ್ತಿತ್ತು. ಸಿಮೆಂಟು, ಪೇಂಟು ಅದನ್ನು ಒಳಗೇ ಕಟ್ಟಿಹಾಕುತ್ತವೆ. ಒಳಗುಳಿದ ನೀರಿನ ಲವಣ ಹರಳುಗಟ್ಟಿ ಹಿಗ್ಗಿದಾಗ ಕಲ್ಲಿನ ಮುಖವೇ ಸಿಪ್ಪೆಯಾಗಿ ಉದುರುತ್ತದೆ. ಕೆತ್ತಿದ ಅಕ್ಷರವಿರುವುದು ಆ ಸಿಪ್ಪೆಯಲ್ಲೇ. ಆ್ಯಸಿಡ್ ಹಾಕಿ ಉಜ್ಜುವವರೂ ಇದ್ದಾರೆ. ಮಳೆ ಯುಗಗಳಲ್ಲಿ ಹಾಕುವ ಆಮ್ಲವನ್ನು ಒಂದು ಮಧ್ಯಾಹ್ನದಲ್ಲಿ ಸುರಿದಂತೆ ಅದು.

ಪ್ರೀತಿಯ ಕೈಯೂ ಕಲ್ಲನ್ನು ಸವೆಸುತ್ತದೆ. ಮಕಾಮು ಇಬ್ರಾಹೀಮಿನ ಕಲ್ಲಿನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಪಾದದ ಬೆರಳುಗಳ ಗುರುತನ್ನು ತಾವು ಕಂಡಿದ್ದುದಾಗಿಯೂ ಜನರು ಕೈಯಿಂದ ಸವರಿ ಸವರಿ ಅದು ಅಳಿಸಿಹೋಯಿತೆಂದೂ ಹಝ್ರತ್ ಅನಸ್(ರ) ಹೇಳಿದುದನ್ನು ತಫ್ಸೀರ್ ಇಬ್ನ್ ಕಸೀರ್‌ನಲ್ಲಿ ಓದುತ್ತೇವೆ. ಅಲ್ಲಾಹನು ಅಲ್ಲಿ ನಮಾಝ್ ಮಾಡಲು ಆದೇಶಿಸಿದ್ದನು, ಸವರಲು ಅಲ್ಲ ಎಂದು ತಾಬಿಈ ವಿದ್ವಾಂಸ ಕತಾದಾ ಆಕ್ಷೇಪಿಸಿದ್ದರು.

ನೀರಹನಿ ಬಿದ್ದು ಬಿದ್ದು ಕಲ್ಲು ತೂತಾದುದನ್ನು ಕಂಡು ದಡ್ಡ ಬಾಲಕನೊಬ್ಬ ಓದಿಗೆ ಮರಳಿ ಇಬ್ನ್ ಹಜರ್ ಎಂಬ ಮಹಾ ಮುಹದ್ದಿಸರಾದರೆಂಬ ಕಥೆ ಎಲ್ಲ ಮದ್ರಸಗಳಲ್ಲಿಯೂ ಚಾಲ್ತಿಯಲ್ಲಿದೆ, ನಾವೂ ಹೇಳುತ್ತಿದ್ದೆವು. ಆದರೆ ಹಿಜರಿ 773ರಿಂದ 852ರವರೆಗೆ ಬಾಳಿದ ಆ ಅಸ್ಕಲಾನಿ ಇಮಾಮರಿಗೆ 'ಹಜರ್' ಎಂಬುದು ಪೂರ್ವಜರಿಂದ ಬಂದ ಹೆಸರೆಂದು ಚರಿತ್ರಕಾರರು ಹೇಳುತ್ತಾರೆ. ಬಾಲ್ಯದಲ್ಲಿಯೇ ಕುರ್‌ಆನ್ ಕಂಠಪಾಠ ಮಾಡಿದ್ದ ಅವರು ದಡ್ಡರಂತೂ ಆಗಿರಲಿಲ್ಲ. ಲಾಲ್‌ಬಾಗಿನಿಂದ ಬಂದ ಮೇಲೆ ಕಥೆಯ ಈ ಭಾಗವನ್ನೂ ಮಕ್ಕಳಿಗೆ ಹೇಳತೊಡಗಿದ್ದೇವೆ.

ಹಸಿರು ಪೇಂಟಿನ ಆ ಕಲ್ಲಿನ ಬಳಿಗೆ ಕಳೆದ ರಜಬ್ ತಿಂಗಳಲ್ಲಿ ಇಬ್ಬರು ಹಿರಿಯ ವಿದ್ಯಾರ್ಥಿಗಳೊಡನೆ ಮತ್ತೆ ಹೋಗಿದ್ದೆವು. ಕೆರೆಯಲು ಬಿಡಲಿಲ್ಲ, ಉಜ್ಜಲೂ ಇಲ್ಲ. ಅಸ್ರ್ ನಂತರದ ಇಳಿಬಿಸಿಲು ಪಕ್ಕದಿಂದ ಬಿದ್ದಾಗ ಪೇಂಟಿನಡಿಯಲ್ಲಿ ಗೆರೆಗಳ ನೆರಳು ಮೂಡಿತು. ಮೊಬೈಲಿನಲ್ಲಿ ಏಳೆಂಟು ಚಿತ್ರ ತೆಗೆದೆವು. ಹೆಸರಿನ ಸಾಲಿನಲ್ಲಿ 'ಬಿನ್' ಎಂಬಷ್ಟು ಓದಲಾಯಿತು. ಅದರ ಮುಂದಿನದು ಸಿಪ್ಪೆಯಾಗಿ ಬಿದ್ದುಹೋಗಿತ್ತು. ವರ್ಷದ ಮೊದಲೆರಡು ಅಂಕೆಗಳು, 12, ಹಾಗೆಯೇ ಇದ್ದವು.